ಹಳೆಯ ಪಿಕಪ್ ಗಾಡಿಗಳ ಬ್ರೇಕ್ ಪೈಪುಗಳು

ಕಳಲೆ ಮೊದಲಾದ ನಂಜನಗೂಡು ಸೀಮೆಯ ಗ್ರಾಮಗಳಲ್ಲಿ ಬಾಳೆ, ಭತ್ತ, ತರಕಾರಿಗಳನ್ನು ಪೇಟೆಗೆ ಸಾಗಿಸಲೂ ಗೊಬ್ಬರವನ್ನು ತರಲೂ ಪಿಕಪ್ ಗಾಡಿಗಳು ಬಳಕೆಯಲ್ಲಿವೆ. ಎಂಜಿನ್ನನ್ನೂ ಟೈರುಗಳನ್ನೂ ಯಜಮಾನರು ನೋಡಿಕೊಳ್ಳುವರು; ಗಾಡಿಯ ಅಡಿಯಲ್ಲಿರುವ ಸಣ್ಣ ಬ್ರೇಕ್ ಪೈಪನ್ನು ನೋಡುವವರು ವಿರಳ. ಭಾರ ಹೊತ್ತ ಗಾಡಿ ನಿಲ್ಲುವುದು ಈ ಪೈಪನ್ನು ನೆಚ್ಚಿಯೇ.

ಕೆಲಸದ ಬಗೆ.— ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಬ್ರೇಕ್ ಆಯಿಲಿನಲ್ಲಿ ಒತ್ತಡವುಂಟಾಗಿ, ಅದು ಉಕ್ಕಿನ ಪೈಪು ಮತ್ತು ರಬ್ಬರ್ ಹೋಸುಗಳ ಮೂಲಕ ಚಕ್ರಗಳಿಗೆ ತಲಪುವುದು. ಸಣ್ಣ ರಂಧ್ರವಾದರೂ ಆಯಿಲು ಹೊರಚಿಮ್ಮಿ ಒತ್ತಡವು ನಷ್ಟವಾಗುವುದು. ಎರಡು ಪ್ರತ್ಯೇಕ ಮಾರ್ಗಗಳುಳ್ಳ ಗಾಡಿಯಲ್ಲಿ ಒಂದು ಕೆಟ್ಟರೂ ಇನ್ನೊಂದು ಸ್ವಲ್ಪ ಹಿಡಿಯುವುದು. ಒಂದೇ ಮಾರ್ಗವುಳ್ಳ ಬಹು ಹಳೆಯ ಗಾಡಿಯಲ್ಲಿ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ತಪ್ಪುವುದು.

ಕೆಡಲು ಕಾರಣಗಳು.— (೧) ಕ್ಲಿಪ್ಪುಗಳ ಸಂದಿನಲ್ಲಿ ಗದ್ದೆಯ ಕೆಸರು ನಿಂತು ಪೈಪು ತುಕ್ಕು ಹಿಡಿಯುವುದು. ಪೊಟ್ಯಾಷ್ ಮೊದಲಾದ ಗೊಬ್ಬರದ ಉಪ್ಪುಗಳು ತೇವದೊಡನೆ ಸೇರಿದರೆ ತುಕ್ಕು ಮತ್ತಷ್ಟು ಬೇಗ ಹೆಚ್ಚುವುದು. (೨) ಸಾಮಾನ್ಯವಾದ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವುದರಿಂದ ಪೈಪು ಒಳಗಿನಿಂದಲೂ ಸವೆಯುವುದು. ಡಾಟ್ ೩ ತರಗತಿಯ ಹೊಸ ಆಯಿಲು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಆಯಿಲಿಗೆ ಈ ಮಿತಿಯು ೧೪೦ ಮಾತ್ರ. ಇಳಿಜಾರಿನಲ್ಲಿ ಬ್ರೇಕು ಕಾದು ಆಯಿಲು ಕುದಿದರೆ, ಪೈಪು ಒಡೆಯದಿದ್ದರೂ ಪೆಡಲು ಕುಸಿಯುವುದು. (೩) ರಬ್ಬರ್ ಹೋಸು ವಯಸ್ಸಾದಂತೆ ಬಿರಿಯುವುದು, ಇಲ್ಲವೆ ಒಳಗೆ ಊದುವುದು.

ಗುರುತುಗಳು.— ಪೆಡಲು ಮೆಲ್ಲನೆ ಇಳಿಯುವುದು, ಡಬ್ಬಿಯಲ್ಲಿ ಆಯಿಲು ಕಡಮೆಯಾಗುವುದು, ಚಕ್ರದ ಒಳಮೈ ಒದ್ದೆಯಾಗಿರುವುದು, ಗಾಡಿ ಒಂದು ಪಕ್ಕಕ್ಕೆ ಎಳೆಯುವುದು. ಇವುಗಳಲ್ಲೊಂದು ಕಂಡರೂ ಗಾಡಿಯನ್ನು ರಸ್ತೆಗೆ ತರಕೂಡದು.

ಮಾಡತಕ್ಕದ್ದು.— ಗೊಬ್ಬರ ಸಾಗಿಸಿದ ಬಳಿಕ ಅಡಿಭಾಗವನ್ನು ನೀರಿನಿಂದ ತೊಳೆಯತಕ್ಕದ್ದು. ಎಂಜಿನ್ ಆಯಿಲನ್ನು ಬ್ರೇಕ್ ಡಬ್ಬಿಗೆ ಸರ್ವಥಾ ಹಾಕಕೂಡದು. ಅದರಿಂದ ರಬ್ಬರ್ ಭಾಗಗಳು ಊದಿ ಕೆಡುವುವು. ಬ್ರೇಕ್ ಆಯಿಲನ್ನು ಗಾಡಿಯ ಪುಸ್ತಕದಲ್ಲಿ ಹೇಳಿರುವ ಅವಧಿಗೆ, ಸಾಮಾನ್ಯವಾಗಿ ೨ ವರ್ಷಕ್ಕೊಮ್ಮೆ, ಬದಲಾಯಿಸತಕ್ಕದ್ದು. ತೂತಾದ ಪೈಪಿಗೆ ಟೇಪು ಸುತ್ತುವುದೂ ರಬ್ಬರ್ ಕೊಳವೆ ಕಟ್ಟುವುದೂ ನಿಷ್ಪ್ರಯೋಜಕ. ಪೂರಾ ಪೈಪನ್ನೇ ಹೊಸದಾಗಿ ಹಾಕಿಸಿ ಒಳಗಿನ ಗಾಳಿಯನ್ನು ತೆಗೆಯಿಸಬೇಕು. ಒಂದು ಪೈಪು ತುಕ್ಕಿನಿಂದ ಒಡೆದರೆ ಉಳಿದವುಗಳನ್ನೂ ಪರೀಕ್ಷಿಸಬೇಕು.

ದಾರಿಯಲ್ಲಿ ಬ್ರೇಕು ತಪ್ಪಿದರೆ.— ಪೆಡಲನ್ನು ಮೇಲಿಂದ ಮೇಲೆ ತುಳಿಯಬೇಕು. ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಕ್ರಮವಾಗಿ ಎಳೆಯಬೇಕು. ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ತಂತಿಯಿಂದ ನಡೆಯುವುದಾದ್ದರಿಂದ ಪೈಪು ಒಡೆದರೂ ಹಿಡಿಯುವುದು. ಎಂಜಿನ್ನನ್ನು ನಿಲ್ಲಿಸುವುದಾಗಲಿ ನ್ಯೂಟ್ರಲಿಗೆ ಹಾಕುವುದಾಗಲಿ ಕೂಡದು.

ಗ್ರಾಮದ ಮುಖಂಡರು ಮಳೆಗಾಲದ ಮೊದಲೂ ಸುಗ್ಗಿಯ ಮೊದಲೂ ಊರಿನ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ಕನಿಂದ ಪರೀಕ್ಷೆ ಮಾಡಿಸುವ ಏರ್ಪಾಡು ಮಾಡುವುದು ಯುಕ್ತ. ಒಂದು ಪೈಪಿನ ವೆಚ್ಚವನ್ನು ಉಳಿಸಲು ಹೋಗಿ ಚಾಲಕನ ಪ್ರಾಣವನ್ನೂ ದಾರಿಹೋಕರ ಪ್ರಾಣವನ್ನೂ ಪಣಕ್ಕೊಡ್ಡುವುದು ಯಾವ ಯಜಮಾನನಿಗೂ ತಕ್ಕುದಲ್ಲ.