ಪೇಟೆ ಕಟ್ಟಲು ಕಾಲೇ ಅಳತೆ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿಸಿದರೆಂದು ಸಮಾಜ ಪಾಠದಲ್ಲಿ ಓದಿದ್ದೇವೆ. ಆ ಪೇಟೆ ಹೇಗಿತ್ತು, ಅದರಿಂದ ನಮ್ಮೂರಿಗೇನು ಪಾಠ ಎಂದು ಇಲ್ಲಿ ಬರೆಯುತ್ತೇನೆ.

ಮಣ್ಣಿನ ಕೋಟೆಯೊಳಗೆ ಎರಡು ಮುಖ್ಯ ಬೀದಿಗಳು. ಒಂದು ಪೂರ್ವ-ಪಶ್ಚಿಮ, ಇನ್ನೊಂದು ಉತ್ತರ-ದಕ್ಷಿಣ. ಅವು ಕೂಡುವಲ್ಲಿ ದೊಡ್ಡಪೇಟೆ ಚೌಕ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ. ಹೆಸರು ಕೇಳಿದ್ರೆ ಸಾಕು, ಅಲ್ಲಿ ಏನು ಸಿಗ್ತಿತ್ತು ಅಂತ ಗೊತ್ತಾಗುತ್ತೆ! ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಅಂಗಡಿ ಬಾಗಿಲು ಹಾಕಿದರೂ ಬೀದಿಯಲ್ಲಿ ಜನ ಇರುತ್ತಿದ್ದರು.

ಈಗ ಒಂದು ಲೆಕ್ಕ ಮಾಡೋಣ. ನಾವು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತೇವೆ. ಅಂದ್ರೆ ಸೆಕೆಂಡಿಗೆ 1.4 ಮೀಟರ್. ಅಂಗಡಿಯ ಅಗಲ 5 ಮೀಟರ್ ಇದ್ದರೆ ನಾಲ್ಕು ಸೆಕೆಂಡಿಗೊಂದು ಹೊಸ ಅಂಗಡಿ ಕಾಣುತ್ತದೆ. 100 ಮೀಟರಿಗೆ ಒಂದೇ ಬದಿಯಲ್ಲಿ 20 ಅಂಗಡಿ, 20 ಸಂಸಾರಕ್ಕೆ ಅನ್ನ. ಅಷ್ಟುದ್ದಕ್ಕೂ ಬರೀ ಗೋಡೆ ಇದ್ದರೆ? ಒಂದು ನಿಮಿಷದ ಮೇಲೆ ಬಿಸಿಲಲ್ಲಿ ಸುಮ್ಮನೆ ನಡೀಬೇಕು.

ಬೇರೆ ದೇಶದವರೂ ಹಳೆ ಬೀದಿಗಳಿಂದ ಕಲಿತಿದ್ದಾರೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ನಿನಲ್ಲಿ ಸ್ಟ್ರೋಯೆಟ್ ಎಂಬ ಹಳೆಯ ಅಂಗಡಿಬೀದಿಗೆ 1962ರಲ್ಲಿ ವಾಹನ ಬರುವುದನ್ನು ನಿಲ್ಲಿಸಿದರು. ವ್ಯಾಪಾರ ಕೆಡುತ್ತದೆಂದು ಅಂಗಡಿಯವರು ಹೆದರಿದ್ದರು. ಆದರೆ ನಡೆದು ಬರುವ ಜನರೇ ಹೆಚ್ಚಾದರು.

ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರು ಪೇಟೆಯ ಎಷ್ಟೋ ಮನೆಗಳು ಇಂದು ಗೋದಾಮುಗಳಾಗಿವೆ. ಗಲ್ಲಿಗಳಲ್ಲಿ ಗಾಡಿ, ತಂತಿ, ಮೂಟೆಗಳ ಇಕ್ಕಟ್ಟು. ಬೆಂಕಿ ಬಿದ್ದರೆ ಆರಿಸುವ ವಾಹನ ನುಗ್ಗುವುದೂ ಕಷ್ಟ.

ನಮ್ಮೂರಾಚೆ ಹೆದ್ದಾರಿ ಪಕ್ಕ ಉದ್ದನೆಯ ಕಾಂಪ್ಲೆಕ್ಸ್ ಕಟ್ಟುವ ಮಾತು ನಡೆದಿದೆ. ಅಲ್ಲಿಗೆ ಸೊಪ್ಪು ಮಾರುವ ಅಜ್ಜಿ ನಡೆದು ಹೋಗ್ತಾರಾ? ಚಪ್ಪಲಿ ಹೊಲಿಯುವವರಿಗೆ ಜಾಗ ಎಲ್ಲಿ? ಆದ್ದರಿಂದ ಗ್ರಾಮಸಭೆಯಲ್ಲಿ ದೊಡ್ಡವರು ಇಷ್ಟು ಕೇಳಲಿ:

1. ಅಂಗಡಿಗಳು ಊರೊಳಗೇ, ನಡೆದು ಹೋಗುವಷ್ಟು ಹತ್ತಿರ ಇರಲಿ.
2. ಅಂಗಡಿಗಳು ಚಿಕ್ಕವಿರಲಿ, ಮೇಲೆ ಮನೆ ಇರಲಿ.
3. ಮುಂದೆ ಜಗಲಿ, ನೆರಳು, ನೆಲದಲ್ಲಿ ಕೂತು ಮಾರುವವರಿಗೂ ಜಾಗ ಇರಲಿ.
4. ಚರಂಡಿ ಮೊದಲೇ ಆಗಲಿ. ಬೆಂಕಿ ಆರಿಸುವ ವಾಹನಕ್ಕೆ ದಾರಿ ಬಿಡಲಿ.

ಗೆಳೆಯರೇ, ನೀವೂ ಟೇಪು ಹಿಡಿದು ನಿಮ್ಮ ಬೀದಿ ಅಳೆಯಿರಿ. 100 ಮೀಟರಿಗೆ ಎಷ್ಟು ಬಾಗಿಲು, ಎಷ್ಟು ಮರ? ಎಣಿಸಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಲೆಕ್ಕವನ್ನೂ ಪಟ್ಟಿ ಮಾಡಿ ಅಂಟಿಸೋಣ.