ಮುಚ್ಚಿದ ಕೋಣೆಯ ಸೊಪ್ಪಿಗೂ ಗಾಳಿ ಬೇಕು

ಸಸ್ಯಗಳಿಗೆ ಬೆಳಕು, ನೀರು, ಗೊಬ್ಬರ ಈ ಮೂರೂ ಅವಶ್ಯವೆಂಬದನ್ನು ನಾವು ಚಿಕ್ಕ ತರಗತಿಗಳಲ್ಲಿಯೇ ಕಲಿತಿರುವೆವು. ಗಾಳಿಯ ವಿಷಯದಲ್ಲಿ ಮಾತ್ರ ಹೆಚ್ಚಾಗಿ ಆಲೋಚಿಸುವದಿಲ್ಲ. ಯಾಕಂದರೆ ಬಯಲಿನಲ್ಲಿ ಅದು ಕೇಳದೆಯೇ ದೊರಕುವದು. ಆದರೆ ಈಗ ಮುಚ್ಚಿದ ಕೋಣೆಯೊಳಗೆ ತಟ್ಟೆಗಳನ್ನು ಒಂದರ ಮೇಲೊಂದು ಅಂತಸ್ತಾಗಿರಿಸಿ, ವಿದ್ಯುದ್ದೀಪಗಳ ಬೆಳಕಿನಲ್ಲಿ ಕೊತ್ತಂಬರಿ, ಪುದೀನ, ಕಾಮಕಸ್ತೂರಿ ಮೊದಲಾದವನ್ನು ಬೆಳೆಯುವ ಪದ್ಧತಿಯು ಹಬ್ಬಿರುವದು. ದೀಪಕ್ಕೂ ನೀರಿಗೂ ಧಾರಾಳವಾಗಿ ವೆಚ್ಚಮಾಡಿದ ಇಂಥ ಬೆಳೆಯೂ ಕೆಲವು ಸಾರಿ ಕೆಡುವದುಂಟು. ನಿಂತ ಗಾಳಿಯು ಅದಕ್ಕೆ ಒಂದು ಮುಖ್ಯ ಕಾರಣ. ಅದು ಹೇಗೆಂಬದನ್ನು ವಿಚಾರಿಸೋಣ.

ಪ್ರತಿ ಎಲೆಯ ಮೈಯನ್ನೂ ಕಣ್ಣಿಗೆ ಕಾಣದ ಗಾಳಿಯ ತೆಳುಪೊರೆಯೊಂದು ಸುತ್ತಿಕೊಂಡಿರುವದು. ಗಾಳಿಯು ಚಲಿಸಿದರೆ ಈ ಪೊರೆಯು ತೆಳುವಾಗುವದು; ನಿಂತರೆ ದಪ್ಪವಾಗುವದು. ಎಲೆಯು ತನ್ನ ಆಹಾರವನ್ನು ತಯಾರಿಸಲು ಇಂಗಾಲಾಮ್ಲವನ್ನು ಈ ಪೊರೆಯ ಮೂಲಕವೇ ಎಳೆದುಕೊಳ್ಳಬೇಕು. ಗಾಳಿಯ 10,000 ಭಾಗಗಳಲ್ಲಿ ಅದು ಸುಮಾರು 4 ಭಾಗ ಮಾತ್ರ ಇರುವದು. ಪೊರೆಯು ದಪ್ಪವಾದರೆ ಈ ಅಲ್ಪವೂ ಸರಿಯಾಗಿ ಒಳಸೇರದೆ, ದೀಪವು ಉರಿಯುತ್ತಿದ್ದರೂ ಗಿಡವು ಹಸಿದಿರುವದು.

ಎರಡನೆಯದು, ನೀರಿನ ಸಂಚಾರ. ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗಿ ಹೋಗುವದೆಂಬದನ್ನು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಗಳು ಅಳತೆಮಾಡಿ, 1727ರಲ್ಲಿ ಪ್ರಕಟಿಸಿದರು. ಈ ನೀರಿನೊಂದಿಗೇ ಕ್ಯಾಲ್ಸಿಯಮ್ ಎಂಬ ಸುಣ್ಣದ ಸತ್ತ್ವವು ಎಲೆಗಳನ್ನು ಸೇರುವದು. ಒಳಗೆ ಅಡಗಿದ ಎಳೆಯ ಎಲೆಗಳಿಂದ ಆವಿ ಹೋಗದಿದ್ದರೆ ಆ ಸತ್ತ್ವವೂ ಅವುಗಳಿಗೆ ಬಾರದೆ ಅಂಚುಗಳು ಕಂದಿ ಸುಡುವವು. ಗೊಬ್ಬರವನ್ನು ಹೆಚ್ಚಿಸುವದರಿಂದ ಮಾತ್ರ ಇದು ವಾಸಿಯಾಗದು. ಲೆಟ್ಯೂಸ್ ಸೊಪ್ಪಿನ ಒಳಎಲೆಗಳಿಗೆ ಗಾಳಿಯನ್ನು ಹಾಯಿಸಿ ಈ ರೋಗವನ್ನು ತಡೆಯಬಹುದೆಂದು ಜಪಾನಿನ ಗೋಟೊ ಮತ್ತು ತಕಾಕುರ ಎಂಬ ವಿದ್ವಾಂಸರು 1992ರಲ್ಲಿ ತೋರಿಸಿಕೊಟ್ಟರು.

ಮೂರನೆಯದು, ತೇವ. ಒತ್ತಾಗಿ ಬೆಳೆದ ಕಾಮಕಸ್ತೂರಿಯ ನಡುವೆ ತೇವವು ನಿಂತರೆ ಬೂಷ್ಟು ಬೇಗನೆ ಹಿಡಿಯುವದು. ಇದಲ್ಲದೆ ಅಲುಗಾಟವೇ ಇಲ್ಲದ ಗಿಡವು ಉದ್ದವಾಗಿ ಬೆಳೆದು ದುರ್ಬಲವಾಗುವದು. ಅಲುಗಾಡಿದ ಗಿಡವು ಗಿಡ್ಡವಾಗಿ, ದಂಟು ಗಟ್ಟಿಯಾಗುವದು. ಮಾರ್ಕ್ ಜಾಫೆ ಎಂಬವರು 1973ರಲ್ಲಿ ಈ ಗುಣಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟರು.

ಹಾಗಾದರೆ ಎಷ್ಟು ಗಾಳಿ ಬೇಕು? ಎಲೆಗಳ ಬಳಿಯಲ್ಲಿ ಸೆಕೆಂಡಿಗೆ ಸುಮಾರು 30ರಿಂದ 50 ಸೆಂಟಿಮೀಟರು ವೇಗವು ಸಾಮಾನ್ಯವಾಗಿ ಸಾಕು. ಅತಿಯಾದರೆ ಎಲೆಯು ಒಣಗಿ, ತನ್ನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಳ್ಳುವದು. ಆಗಲೂ ಹಸಿವೆಯೇ ಪ್ರಾಪ್ತಿ. ಮನೆಯಲ್ಲಿ ಇದನ್ನು ಪರೀಕ್ಷಿಸುವದು ಸುಲಭ. ತೆಳುವಾದ ಕಾಗದದ ಪಟ್ಟಿಯನ್ನು ಪ್ರತಿ ಅಂತಸ್ತಿನ ಅಂಚಿನಲ್ಲಿಯೂ ನಡುವೆಯೂ ಹಿಡಿದು ನೋಡತಕ್ಕದ್ದು. ಅದು ಎಲ್ಲೆಡೆಯಲ್ಲಿಯೂ ಮೆಲ್ಲಗೆ ಅಲುಗಿದರೆ ಒಳ್ಳೆಯದು. ನಡುವೆ ಅಲುಗದಿದ್ದರೆ ಗಿಡಗಳನ್ನು ವಿರಳಮಾಡಿ, ಚಿಕ್ಕ ಬೀಸಣಿಗೆಯಂತ್ರವನ್ನು ಆ ಅಂತಸ್ತಿನ ಉದ್ದಕ್ಕೆ ತಿರುಗಿಸಿಡಬೇಕು. ಯಂತ್ರವು ಇದ್ದ ಗಾಳಿಯನ್ನು ಕದಲಿಸುವದೇ ಹೊರತು ಹೊಸದನ್ನು ಹುಟ್ಟಿಸಲಾರದು. ಆದದರಿಂದ ಹೊರಗಿನ ಗಾಳಿಯು ಬರುವದಕ್ಕೂ ದಾರಿಯಿರಬೇಕು.

ಕೋಣೆಯ ಬಾಗಿಲನ್ನು ಮುಚ್ಚಿದವರು ಬಯಲಿನ ಕೆಲಸವನ್ನೆಲ್ಲಾ ತಾವೇ ವಹಿಸಿಕೊಂಡಂತಾಯಿತು. ಸೂರ್ಯನ ಬದಲಿಗೆ ದೀಪವನ್ನಿಟ್ಟು ಮಳೆಯ ಬದಲಿಗೆ ನೀರು ಕೊಟ್ಟವರು ಗಾಳಿಯನ್ನೂ ಮರೆಯಬಾರದು. ಮನೆಯಲ್ಲಿ ಸೊಪ್ಪು ಬೆಳೆಯಲಿಚ್ಛಿಸುವ ನಮ್ಮ ಸಹೋದರಿಯರು ಇದನ್ನು ಮೊದಲೇ ತಿಳಿದಿದ್ದರೆ ಅವರ ಶ್ರಮವೂ ಹಣವೂ ಉಳಿಯುವವು.