ಹೊರದೇಶದ ಸಂಪರ್ಕ: ಸೇವೆ ಕೊಡುವವರನ್ನು ಆರಿಸುವಾಗ ನೋಡಬೇಕಾದದ್ದು



ಸಂಘದ ಕಚೇರಿಗೆ ಹೊಸ ಅಂತರ್ಜಾಲ ಸಂಪರ್ಕ ಪಡೆಯುವ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಗೆ ಬರಲಿದೆ. ಕಂಪನಿಯೊಂದು ‘ಅಂತಾರಾಷ್ಟ್ರೀಯ ದರ್ಜೆಯ ಸೇವೆ’ ಎಂಬ ಹೆಸರಿನಲ್ಲಿ ಮೂರು ವರ್ಷದ ಕರಾರಿನ ಕರಡನ್ನು ಕೊಟ್ಟಿದೆ. ಈಗ ನಾವು ಕೊಡುತ್ತಿರುವ ಬಾಡಿಗೆಯ ಹಲವು ಪಟ್ಟು ಅದರ ಬೆಲೆ. ಹಣ ಸದಸ್ಯರದು. ಆದ್ದರಿಂದ ಇಂಥ ಸೇವೆಯನ್ನು ಕೊಳ್ಳುವಾಗ ಏನೇನು ವಿಚಾರಿಸಬೇಕೆಂಬುದನ್ನು ಸಭೆಗೆ ಮುಂಚೆಯೇ ಎಲ್ಲರೂ ತಿಳಿದಿರಲಿ ಎಂದು ಇಲ್ಲಿ ವಿವರಿಸುತ್ತಿದ್ದೇವೆ.

ಕೊಡಿಗೇನಹಳ್ಳಿಯಲ್ಲಿ ಕುಳಿತವರಿಗೆ ಹೊರದೇಶದ ಸಂಪರ್ಕವೇಕೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಮಧುಗಿರಿ, ಕೊರಟಗೆರೆ ಕಡೆಯ ಅಡಿಕೆಗೆ ಗಿರಾಕಿಗಳು ಬಹುತೇಕ ದೇಶದೊಳಗೇ ಇದ್ದಾರೆ. ಅಡಿಕೆಗೆ ಬೇಕಾದದ್ದು ಮಾರುಕಟ್ಟೆಯ ಗಣಕಯಂತ್ರದ ಟೆಂಡರು, ಬ್ಯಾಂಕಿನ ಹಣ ಪಾವತಿ, ಇ-ವೇ ಬಿಲ್ಲು. ತೂಕ ಮುಗಿದು ಲಾರಿ ಬಾಗಿಲಲ್ಲಿ ನಿಂತಿದ್ದರೂ ಬಿಲ್ಲು ಹೊರಡದೆ ಲಾರಿ ಹೊರಡುವಂತಿಲ್ಲ. ಆದರೆ ಮಲೆನಾಡಿನ ಕಾಫಿ ಸದಸ್ಯರ ಮಾತು ಬೇರೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ಕಾಡು ಕಡಿದು ಬೆಳೆದ ಮಾಲು ತಮ್ಮಲ್ಲಿಗೆ ಬರಬಾರದೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ತೋಟತೋಟದ ಅಕ್ಷಾಂಶ ರೇಖಾಂಶಗಳನ್ನು ಕೇಳುತ್ತದೆ. ಅದರ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ನಿಜ. ಆದರೂ ಕೊಳ್ಳುವವರು ಕಾಗದಪತ್ರ ಕೇಳುವುದನ್ನು ನಿಲ್ಲಿಸುವುದಿಲ್ಲ. ಅವನ್ನೆಲ್ಲ ಕಳಿಸುವುದು ಇದೇ ತಂತಿಯ ಮೇಲೆ.

ಹೊರದೇಶದ ಸಂಪರ್ಕವೆಂಬುದು ಒಂದು ಕಾಲಕ್ಕೆ ದೊಡ್ಡವರ ಸೊತ್ತಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದಾಗ ಅಮೆರಿಕದ ತನ್ನ ಕಚೇರಿಯೊಡನೆ ಮಾತಾಡಲು ಉಪಗ್ರಹದ ಸಂಪರ್ಕವನ್ನೇ ಸ್ವಂತಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಅದರ ಸಾಮಾನನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಇಂದಿಗೂ ಪ್ರಸಿದ್ಧ. 1986ರಲ್ಲಿ ವಿದೇಶ ಸಂಚಾರ ನಿಗಮ ಹುಟ್ಟಿತು. 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಸಣ್ಣ ಕಂಪನಿಗಳಿಗೂ ಇಂಥ ಸಂಪರ್ಕ ಹಂಚತೊಡಗಿತು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ. 2002ರಲ್ಲಿ ವಿದೇಶ ಕರೆಗಳ ಮೇಲಿನ ನಿಗಮದ ಏಕಸ್ವಾಮ್ಯ ಕೊನೆಗೊಂಡ ಮೇಲೆ ಹಲವು ಕಂಪನಿಗಳು ಬಂದವು. ಆಯ್ಕೆ ಎಂಬ ತಾಪತ್ರಯ ಶುರುವಾದದ್ದೂ ಆಗಲೇ.

ಈಗ ದಾರಿಯನ್ನು ನೋಡೋಣ. ನಮ್ಮ ಕಚೇರಿಯಿಂದ ಹೊರಟ ಪತ್ರ ಮಧುಗಿರಿ, ತುಮಕೂರು, ಬೆಂಗಳೂರು ದಾಟಿ ಮುಂಬಯಿ, ಚೆನ್ನೈ ಅಥವಾ ಕೊಚ್ಚಿಯಂಥ ಕಡಲತೀರ ಸೇರಿ, ಅಲ್ಲಿಂದ ಸಮುದ್ರದ ತಳದ ಕೇಬಲ್ಲಿನಲ್ಲಿ ಹೋಗುತ್ತದೆ. ಯುರೋಪಿನ ದಾರಿ ಹೆಚ್ಚಾಗಿ ಕೆಂಪು ಸಮುದ್ರ, ಈಜಿಪ್ಟುಗಳ ಮೂಲಕ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲ್ಲುಗಳು ಕಡಿದು ಭಾರತದ ಸೇವೆ ತೀರಾ ಕುಂಠಿತವಾಯಿತು. 2024ರಲ್ಲೂ 2025ರಲ್ಲೂ ಕೆಂಪು ಸಮುದ್ರದಲ್ಲಿ ಕೇಬಲ್ಲುಗಳು ಕಡಿದವು. ಆಗ ಸಿಂಗಪುರದ ಕಡೆಯಿಂದ ಸುತ್ತಿ ಹೋಗುವ ದಾರಿ ಇದ್ದ ಕಂಪನಿಯ ಗಿರಾಕಿಗಳು ನಿಧಾನವಾಗಿಯಾದರೂ ಕೆಲಸ ನಡೆಸಬಹುದು. ಒಂದೇ ದಾರಿಯವರು ಕಾಯಬೇಕು. ಆದ್ದರಿಂದ ‘ಪಶ್ಚಿಮದ ದಾರಿ ಕಡಿದರೆ ಪೂರ್ವದ ದಾರಿ ಉಂಟೇ?’ ಎಂದು ಕಂಪನಿಯವರನ್ನು ಕೇಳಲೇಬೇಕು. ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಆದರೆ ನಮ್ಮ ಊರಿನ ಮಟ್ಟಿಗೆ ಸಮುದ್ರಕ್ಕಿಂತ ದೊಡ್ಡ ಗಂಡಾಂತರ ಜೆ.ಸಿ.ಬಿ. ಯಂತ್ರ. ರಸ್ತೆ ಅಗಲ ಮಾಡುವವರು, ನೀರಿನ ಪೈಪು ಹೂಳುವವರು ಕಡಿದ ಫೈಬರು ಜೋಡಣೆಯಾಗುವಷ್ಟರಲ್ಲಿ ಒಂದು ಸಂತೆ ಕಳೆದಿರುತ್ತದೆ. ಕೊಳವೆಬಾವಿಯಲ್ಲಿ ಎಷ್ಟೇ ನೀರಿದ್ದರೂ ತೋಟದ ಕೊನೆಯ ಸಾಲಿನ ಡ್ರಿಪ್ ಪೈಪು ಕಟ್ಟಿಕೊಂಡಿದ್ದರೆ ಆ ಗಿಡಕ್ಕೆ ನೀರಿಲ್ಲ. ಹಾಗೆಯೇ ಇದು. ಕಂಪನಿಯ ಪ್ರತಿನಿಧಿ ಬಂದಾಗ ಕೊಡಿಗೇನಹಳ್ಳಿಯಿಂದ ಮಧುಗಿರಿಯವರೆಗೆ ಯಾರ ತಂತಿ ಎಂದು ಕೇಳಿದೆವು. ಸ್ಥಳೀಯ ಕೇಬಲಿನವರಿಂದ ಬಾಡಿಗೆಗೆ ಪಡೆಯುತ್ತೇವೆ ಎಂದರು. ನಮ್ಮ ಈಗಿನ ಸಂಪರ್ಕ ಬರುತ್ತಿರುವುದೂ ಅದೇ ತಂತಿಯಲ್ಲಿ!

ಕರಡಿನಲ್ಲಿ ‘ನೂರಕ್ಕೆ 99.9ರಷ್ಟು ಕಾಲ ಸೇವೆ’ ಎಂದು ದಪ್ಪಕ್ಷರದಲ್ಲಿದೆ. ಮೂವತ್ತು ದಿನದ ತಿಂಗಳಿಗೆ 720 ಗಂಟೆ. 99.9 ಎಂದರೆ ತಿಂಗಳಲ್ಲಿ ಸುಮಾರು 43 ನಿಮಿಷ ಮಾತ್ರ ನಿಲ್ಲಬಹುದು. 99.5 ಆದರೆ 3 ಗಂಟೆ 36 ನಿಮಿಷ. 99 ಆದರೆ 7 ಗಂಟೆ 12 ನಿಮಿಷ. ಕೇಳಲು ಸೊಗಸು. ಆದರೆ ಎಲ್ಲಿಂದ ಎಲ್ಲಿಗೆ? ಹಿಂದಿನ ಪುಟದ ಸಣ್ಣ ಅಕ್ಷರದಲ್ಲಿ ನೋಡಿದರೆ, ಆ ಭರವಸೆ ಬೆಂಗಳೂರಿನ ಅವರ ಕೇಂದ್ರದಿಂದ ಹೊರದೇಶದವರೆಗಿನ ಭಾಗಕ್ಕೆ ಮಾತ್ರ. ಬೆಂಗಳೂರಿನಿಂದ ನಮ್ಮ ಬಾಗಿಲವರೆಗಿನ ಭಾಗ ಅದರಲ್ಲಿಲ್ಲ. ರಸ್ತೆ ಕೆಲಸದಿಂದ ಆದ ಕಡಿತವನ್ನೂ ಹೊರಗಿಟ್ಟಿದ್ದಾರೆ. ಅಂದರೆ ನಮಗೆ ತೊಂದರೆಯಾಗುವ ಕಡೆ ಭರವಸೆಯಿಲ್ಲ, ಭರವಸೆಯಿರುವ ಕಡೆ ನಮಗೆ ಅಷ್ಟಾಗಿ ತೊಂದರೆಯಿಲ್ಲ. ಭರವಸೆ ಕಚೇರಿಯ ಮೇಜಿನವರೆಗೆ ಇರಬೇಕು. ತಪ್ಪಿದರೆ ಬಾಡಿಗೆಯಲ್ಲಿ ಎಷ್ಟು ಕಡಿತವೆಂಬುದು ರೂಪಾಯಿಯಲ್ಲಿ ಬರೆದಿರಬೇಕು.

ವೇಗದ ಬಗೆಗೂ ಎರಡು ಮಾತು. ಸಾಮಾನ್ಯ ಬ್ರಾಡ್‌ಬ್ಯಾಂಡ್ ಎಂದರೆ ಕೆರೆ ನೀರಿನಂತೆ, ಅನೇಕರಿಗೆ ಒಂದೇ ಕಾಲುವೆ. ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಕೊನೆಯವರಿಗೆ ತೇವವಷ್ಟೇ, ಇಲ್ಲಿ ಪಾಳಿ ನೋಡಲು ನೀರುಗಂಟಿಯೂ ಇಲ್ಲ. ಲೀಸ್ಡ್ ಲೈನ್ ಎಂದರೆ ನಮಗೆಂದೇ ಮೀಸಲಾದ ಕಾಲುವೆ. ಅದಕ್ಕೇ ಅದು ದುಬಾರಿ. ನಮ್ಮ ಕಚೇರಿಯಲ್ಲಿ ನಾಲ್ಕು ಯಂತ್ರಗಳಿವೆ, ಮೀಸಲು ಕಾಲುವೆ ಬೇಕಾಗುವಷ್ಟು ಕೆಲಸವಿಲ್ಲ ಎಂದು ನಮ್ಮ ಅಭಿಪ್ರಾಯ. ಇಳಿಕೆಯ ವೇಗದ ಜೊತೆಗೆ ಏರಿಕೆಯ ವೇಗವನ್ನೂ ಕೇಳಿರಿ; ಕಾಗದಪತ್ರ ಕಳಿಸಲು ಬೇಕಾದದ್ದು ಅದೇ. ತಂತಿ ತಲುಪದ ಕಾಫಿ ತೋಟದವರಿಗೆ ಉಪಗ್ರಹದ ಸೇವೆ ಉಂಟು. ಆದರೆ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿಬರುವ ಮಾತಿಗೆ ಉತ್ತರ ಮರಳಲು ಅರ್ಧ ಸೆಕೆಂಡು ಹಿಡಿಯುತ್ತದೆ. ಪತ್ರಕ್ಕೆ ಅಡ್ಡಿಯಿಲ್ಲ, ಮಾತುಕತೆಗೆ ಕಿರಿಕಿರಿ.

ನಮ್ಮ ಸಲಹೆ ಇಷ್ಟು. ಒಂದು ದುಬಾರಿ ಸಂಪರ್ಕಕ್ಕಿಂತ ಎರಡು ಸಾಧಾರಣ ಸಂಪರ್ಕಗಳು ಮೇಲು, ಅವುಗಳ ದಾರಿ ನಿಜವಾಗಿ ಬೇರೆಯಾಗಿದ್ದರೆ. ಎರಡು ಕಂಪನಿಗಳ ಹೆಸರಿದ್ದು ಕಂಬ ಒಂದೇ ಆದರೆ ಅದು ಒಂದೇ ಸಂಪರ್ಕ. ಒಂದು ಫೈಬರು, ಇನ್ನೊಂದು ಮೊಬೈಲ್ ಗೋಪುರದಿಂದ ನಿಸ್ತಂತು ಎಂದಿಟ್ಟುಕೊಂಡರೂ ಆ ಗೋಪುರಕ್ಕೆ ಬರುವ ತಂತಿ ಯಾವ ರಸ್ತೆಯದೆಂದು ವಿಚಾರಿಸಬೇಕು. ಕರೆಂಟು ಹೋದಾಗ ಗೋಪುರದ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಊರಿನವರೇ ಚೆನ್ನಾಗಿ ಹೇಳಬಲ್ಲರು. ಕರಾರು ಒಂದು ವರ್ಷಕ್ಕಿಂತ ಹೆಚ್ಚಿರಬಾರದು, ಅದಕ್ಕೆ ಮೊದಲು ಒಂದು ತಿಂಗಳ ಪರೀಕ್ಷೆ ಇರಬೇಕು. ಅದೂ ಅಡಿಕೆ ಸುಗ್ಗಿಯ ತಿಂಗಳಾದರೆ ಉತ್ತಮ.

ಸೇವೆ ಕೆಟ್ಟರೆ ದೂರನ್ನು ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕೊಟ್ಟು ಅದರ ನಂಬರನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. 2012ರ ನಿಯಮಾವಳಿಯ ಕ್ರಮ ಇದು. ಟ್ರಾಯ್ ಸಂಸ್ಥೆ ಒಬ್ಬೊಬ್ಬರ ದೂರನ್ನು ತಾನೇ ವಿಚಾರಣೆ ಮಾಡುವುದಿಲ್ಲ.

ಕರಾರಿನ ಕರಡು ಕಚೇರಿಯಲ್ಲಿದೆ. ಸಣ್ಣ ಅಕ್ಷರದ ಪುಟವನ್ನು ದೊಡ್ಡದಾಗಿ ಬರೆಸಿ ಇಟ್ಟಿದ್ದೇವೆ. ಸಭೆಗೆ ಮುನ್ನ ಯಾವ ಸದಸ್ಯರಾದರೂ ಬಂದು ಓದಬಹುದು, ತಮ್ಮ ಪ್ರಶ್ನೆಗಳನ್ನು ಬರೆದು ಕೊಡಬಹುದು.